ನಿವಾಂತ ಅಂದರೆ ಹೊರಟುಬಿಡುವ ಗಾಡಿ

ನಮ್ಮ ಸೋದರತ್ತೆಯ ಕಾರನ್ನು ಕದಿಯಬಲ್ಲ ಕಳ್ಳ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಹುಟ್ಟಿರಲಿಲ್ಲ! ಹುಟ್ಟಿದ್ದರೂ ಅವನು ಮೊದಲು ಅವಳ ಹತ್ತಿರ ಟ್ಯೂಶನ್ನಿಗೆ ಬಂದು, ಪಾಠ ಒಪ್ಪಿಸಿ, ಪಾಸಾಗಿ, ಆಮೇಲೆ ಕದಿಯಬೇಕಿತ್ತು. ಕೀಲಿಕೈಯನ್ನು ಗಾಡಿಯಲ್ಲೇ ಬಿಟ್ಟು, ಬಾಗಿಲು ತೆರೆದಿಟ್ಟು, ಮೇಲೊಂದು ತಂಬಿಗೆ ನೀರು ಕೊಟ್ಟು 'ಹೋಗಿ ಬಾರಪಾ' ಅಂದರೂ ಆ ಗಾಡಿಯನ್ನು ಗೇಟು ದಾಟಿಸಲು ಅವನಿಂದ ಆಗುತ್ತಿರಲಿಲ್ಲ. ಯಾಕೆಂದರೆ ಅದು ಚಾಲೂ ಆಗಬೇಕಾದರೆ ರಿವರ್ಸ್‌ಗೆ ಹಾಕಬೇಕಿತ್ತು, ಮುಂದೆ ಹೋಗಬೇಕಾದರೆ ನ್ಯೂಟ್ರಲ್‌ಗೆ ಹಾಕಬೇಕಿತ್ತು, ಹಿಂದೆ ಹೋಗಬೇಕಾದರೆ ಪಾರ್ಕಿಂಗ್‌ಗೆ ಹಾಕಬೇಕಿತ್ತು! ಕೇಳಿ ನಿಮ್ಮ ತಲೆ ತಿರುಗಿತೇ? ನಮ್ಮ ಮನೆಯವರೆಲ್ಲರ ತಲೆಯೂ ವರ್ಷದಿಂದ ತಿರುಗುತ್ತಲೇ ಇತ್ತು. ತಿರುಗದೆ ಇದ್ದದ್ದು ಅತ್ತೆಯದು ಮಾತ್ರ.

ಅತ್ತೆ ಅಂದರೆ ನಮ್ಮ ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನವನಗರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವಳ ಮನೆ. ಅವಳಿಗೆ ಐದು ವರ್ಷವಾದಾಗ ಪೋಲಿಯೋ ಬಂದು ಎಡಗಾಲು ಸೋತುಹೋಯಿತು. ಕೈಯಲ್ಲೊಂದು ಬೆತ್ತ, ಮೈಮೇಲೆ ಗರಗದ ಖಾದಿ ಸೀರೆ, ಬಾಯಲ್ಲಿ ವ್ಯಾಕರಣ, ಇಷ್ಟಿದ್ದರೆ ಅತ್ತೆ ಪೂರ್ತಿಯಾದಳು ಅಂತ ನಾವು ತಿಳಿದಿದ್ದೆವು. ನಿವೃತ್ತಿಯಾದ ಮೇಲೆ ಒಂದು ದಿನ ಏಕಾಏಕಿ ಹಳೆಯ ಕಾರೊಂದನ್ನು ಮನೆಮುಂದೆ ತಂದು ನಿಲ್ಲಿಸಿದಳು. ಆಟೋಮ್ಯಾಟಿಕ್ ಕಾರು! ಅದಕ್ಕೆ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಬ್ರೇಕು, ಎಕ್ಸಲರೇಟರು ಎರಡನ್ನೂ ಬಲಗಾಲು ನೋಡಿಕೊಳ್ಳುತ್ತದೆ.

"ಈ ಗಾಡಿ ಮಾಡಿದವ ಯಾರೋ ಏನೋ, ನನ್ನ ನೋಡೇ ಮಾಡ್ಯಾನ" ಅಂದಳು.

ಆವತ್ತಿನಿಂದ ಅತ್ತೆ ಮನೆಯಲ್ಲಿ ಸಿಕ್ಕರೆ ಕೇಳಿ! ಬೆಳಿಗ್ಗೆ ಸಂತೆ, ಮಧ್ಯಾಹ್ನ ಹಳೇ ವಿದ್ಯಾರ್ಥಿಗಳ ಮನೆ, ಸಂಜೆ ಕೆಲಗೇರಿ ಕೆರೆ. ಯಾರನ್ನೂ 'ಬಿಟ್ಟು ಬಾ' ಅಂತ ಕೇಳುವ ಹಂಗಿಲ್ಲ, ಆಟೋ ಹತ್ತುವಾಗ ಯಾರೂ ರೆಟ್ಟೆ ಹಿಡಿಯಬೇಕಿಲ್ಲ. ಅರವತ್ತು ದಾಟಿದ ಹೆಂಗಸು ಕಾಲೇಜು ಹುಡುಗಿಯ ಹಾಗೆ ತಿರುಗತೊಡಗಿದಳು.

ಕನ್ನಡ ಟೀಚರಿನ ಕೈಗೆ ಇಂಗ್ಲಿಷ್ ಅಕ್ಷರ ಸಿಕ್ಕರೆ ಅವು ಹಾಗೇ ಉಳಿದಾವೇ? ಗೇರಿನ ಲಿವರಿನ ಪಕ್ಕ ಸಾಲಾಗಿ P, R, N, D ಅಂತ ಬರೆದಿತ್ತು, ಅವುಗಳ ಕೆಳಗೆ 2 ಅನ್ನುವ ಅಂಕಿ, ಅದರ ಕೆಳಗೆ L. ಮೊದಲ ದಿನವೇ ಅತ್ತೆ ನಾಮಕರಣ ಮುಗಿಸಿದಳು.

"P ಅಂದ್ರ ಪಡಸಾಲಿ. ಬಂದು ಪಡಸಾಲ್ಯಾಗ ಕುಂದ್ರು. R ಅಂದ್ರ ರಗಡ. ಮುಂದ ಬಂದದ್ದು ರಗಡ ಆತು, ಸಾಕು, ಹಿಂದ ಸರಿ. N ಅಂದ್ರ ನಿವಾಂತ. ಎಲ್ಲಿಗೂ ಹೋಗಬ್ಯಾಡ, ಹಂಗ ಸುಮ್ನ ಇರು. D ಅಂದ್ರ ದೌಡ, ಜೋರ ಹೋಗು!"

"L ಅಂದ್ರ ಅತ್ತೀ?"

"ಲಗೂ!"

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. L ಅಂದರೆ ಲೋ, ಅದು ಏರು ಹತ್ತುವಾಗ ಹಾಕುವ ನಿಧಾನದ ಗೇರು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾವು ಧಾರವಾಡದ ಹಾದಿಯಲ್ಲಿದ್ದೆವು, ಮುಂದೆ ಹತ್ತಿ ಅಂಡಿಗೆ ಹೇರಿದ ಟ್ರ್ಯಾಕ್ಟರ್ ಒಂದು ದಾರಿ ಬಿಡದೆ ಹೋಗುತ್ತಿತ್ತು. ಅತ್ತೆ ಹಿಂದೆ ಮುಂದೆ ನೋಡಲಿಲ್ಲ. "ದೌಡ ಸಾಲವಲ್ದು, ಲಗೂ ಹಾಕ್ತೇನಿ ತಡಿ!" ಎಂದು ಲಿವರನ್ನು ಕೆಳಗೆ ಎಳೆದೇಬಿಟ್ಟಳು. ಎಂಜಿನ್ನು ಹುಚ್ಚೆದ್ದು ಕೂಗಿತು! ಗಾಡಿ ಉಬ್ಬಸ ಬಂದಂತೆ ಮುಗ್ಗರಿಸಿ ನಿಧಾನವಾಯಿತು! ಮುಂದಿನ ಟ್ರ್ಯಾಕ್ಟರ್ ಕಣ್ಮರೆಯಾಯಿತು. ಹಿಂದಿದ್ದ ಇನ್ನೊಂದು ಟ್ರ್ಯಾಕ್ಟರ್ ನಮ್ಮನ್ನೇ ದಾಟಿಕೊಂಡು ಹೋಯಿತು. ಅದರ ಡ್ರೈವರ್ ಪಾಪ, ಅತ್ತೆಯನ್ನು ನೋಡಿ ಕೈ ಎತ್ತಿ ನಮಸ್ಕಾರ ಬೇರೆ ಮಾಡಿದ.

"ದೌಡ ಅಂದ್ರೂ ಅದ, ಲಗೂ ಅಂದ್ರೂ ಅದ. ದೌಡಕ್ಕಿಂತ ಲಗೂ ಹೆಚ್ಚು ಅಂತ ಯಾರ ಹೇಳ್ಯಾರ ನಿನಗ?" ಅಂತ ನಾನು ರೇಗಿದೆ.

"ಹೆಚ್ಚು ಅಲ್ಲಂದಿದ್ರ ಎರಡು ಗೇರು ಯಾಕ ಇಡ್ತಿದ್ರು?" ಅಂದಳು. ನನ್ನ ಎಂಎಸ್ಸಿಯನ್ನು ಅಲ್ಲೇ ಮಡಚಿಟ್ಟೆ.

ಇರಲಿ, ಇದು ಗಾಡಿ ಸರಿಯಾಗಿದ್ದ ಕಾಲದ ಕಥೆ. ಕೆಟ್ಟ ಮೇಲಿನದು ಕೇಳಿ.

ಆಟೋಮ್ಯಾಟಿಕ್ ಗಾಡಿಯಲ್ಲಿ ನಾವು ಎಳೆಯುವ ಲಿವರು ಒಳಗೆ ಇರುತ್ತದೆ, ಗೇರ್‌ಬಾಕ್ಸು ಬಾನೆಟ್ಟಿನ ಕೆಳಗೆ ಇರುತ್ತದೆ. ಇವೆರಡಕ್ಕೂ ನೇರ ಭೇಟಿಯೇ ಇಲ್ಲ. ನಡುವೆ ಒಂದು ಕೇಬಲ್ಲು ಓಡಾಡಿಕೊಂಡು ಇಲ್ಲಿಯ ಮಾತನ್ನು ಅಲ್ಲಿಗೆ ಮುಟ್ಟಿಸುತ್ತದೆ. ಗಾಡಿಗೆ ವಯಸ್ಸಾದರೆ ಕೇಬಲ್ಲಿನ ಹಿಡಿತ ಜಾರುತ್ತದೆ. ಆಮೇಲೆ ನಮ್ಮ ಕಚೇರಿಗಳಲ್ಲಿ ನಡೆಯುವುದೇ ಅಲ್ಲೂ ನಡೆಯುತ್ತದೆ: ಸಾಹೇಬರು ಹೇಳಿದ್ದು ಒಂದು, ಟೇಬಲ್ಲಿಗೆ ಮುಟ್ಟಿದ್ದು ಇನ್ನೊಂದು. ಅತ್ತೆಯ ಗಾಡಿಯಲ್ಲಿ ಎಲ್ಲವೂ ಸರಿಯಾಗಿ ಒಂದು ಮನೆ ಮುಂದೆ ಜಾರಿತ್ತು. ಪಡಸಾಲಿಗೆ ಹಾಕಿದರೆ ರಿವರ್ಸ್ ಬೀಳುತ್ತಿತ್ತು. ರಗಡಕ್ಕೆ ಹಾಕಿದರೆ ನ್ಯೂಟ್ರಲ್. ನಿವಾಂತ ಅಂದರೆ ಗಾಡಿ ಹೊರಟೇಬಿಡುತ್ತಿತ್ತು! ನಿಜವಾದ ಪಾರ್ಕಿಂಗ್ ಅನ್ನುವುದು ಆ ಗಾಡಿಗೆ ಉಳಿದೇ ಇರಲಿಲ್ಲ. ಅದಕ್ಕೆಂದೇ ಅತ್ತೆ ಹಿಂದಿನ ಸೀಟಿನಲ್ಲಿ ಒಂದು ಇಟ್ಟಿಗೆ ಇಟ್ಟುಕೊಂಡಿದ್ದಳು. ಗಾಡಿ ನಿಲ್ಲಿಸಿದ ಕೂಡಲೇ ಚಕ್ರದ ಹಿಂದೆ ಇಟ್ಟಿಗೆ.

ಬೇರೆಯವರಾಗಿದ್ದರೆ ಗ್ಯಾರೇಜಿಗೆ ಓಡುತ್ತಿದ್ದರು. ಅತ್ತೆ ಹೊಸ ಪಾಠವನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡಳು.

"ಗಾಡಿ ಕೆಟ್ಟಿಲ್ಲ, ಸಂಧಿ ಆಗೇತಿ" ಅಂದಳು.

"ಯಾವ ಸಂಧಿ?"

"ಒಂದರ ಜಾಗಾದಾಗ ಇನ್ನೊಂದು ಬಂದ್ರ ಏನಂತಾರ? ಆದೇಶಸಂಧಿ! ಹೈಸ್ಕೂಲಿನ್ಯಾಗ ನಾನ ಕಲಿಸೇನಲ್ಲ ನಿನಗ?"

ಆಮೇಲೆ ಹುಬ್ಬಳ್ಳಿಯಲ್ಲಿ ನೆಂಟರ ಮದುವೆ ಬಂತು. ಕಲ್ಯಾಣಮಂಟಪದ ಬಾಗಿಲಲ್ಲಿ ಗಾಡಿಗಳನ್ನು ಸಾಲಾಗಿ ಹಚ್ಚಿ ನಿಲ್ಲಿಸುವ ಜವಾಬ್ದಾರಿಯನ್ನು ಒಬ್ಬ ದಪ್ಪ ಮೀಸೆಯ ಡ್ರೈವರನಿಗೆ ಕೊಟ್ಟಿದ್ದರು. ಅವನು ಅತ್ತೆಯ ಬೆತ್ತ ನೋಡಿ ಗೌರವದಿಂದ, "ಅಕ್ಕಾರ, ನೀವು ಇಳೀರಿ, ನಾ ಹಚ್ತೇನಿ" ಅಂದ. ಅತ್ತೆ ಇಳಿದು, ಕಿಟಕಿಗೆ ಆತು ನಿಂತು ಪಾಠ ಶುರುಮಾಡಿದಳು.

"ನೋಡಪಾ ತಮ್ಮಾ, ಚಾಲೂ ಮಾಡೂದಾದ್ರ ರಗಡಕ್ಕ ಹಾಕು. ಮುಂದ ಹೋಗೂದಾದ್ರ ನಿವಾಂತ. ಪಡಸಾಲಿಗೆ ಮಾತ್ರ ಹೋಗಬ್ಯಾಡ!"

"ಪಡಸಾಲಿಗೆ ನಾ ಯಾಕ ಹೋಗ್ಲಿರಿ ಅಕ್ಕಾರ? ಊಟದ ಹಾಲ್ ಆ ಕಡೆ ಐತಿ" ಅಂದ ಅವನು.

ಹೇಗೋ ಚಾಲೂ ಮಾಡಿದ. ನಿವಾಂತಕ್ಕೆ ಹಾಕಿದಾಗ ಗಾಡಿ ಮುಂದಕ್ಕೆ ಹಾರಿದ್ದು ಕಂಡು ಅವನ ಮೀಸೆಯೇ ನೆಟ್ಟಗಾಯಿತು. ಗಾಬರಿಯಲ್ಲಿ, ಯಾವ ಡ್ರೈವರನಾದರೂ ಮಾಡುವಂತೆ, ಬ್ರೇಕೊತ್ತಿ ಲಿವರನ್ನು P ಗೆ ತಳ್ಳಿ 'ಉಸ್ಸಪ್ಪಾ' ಎಂದು ಕಾಲು ತೆಗೆದ. ಗಾಡಿ ಹಿಂದಕ್ಕೆ ಹೊರಟಿತು! ಹೋಗಿ ಸ್ವಾಗತದ ಕಮಾನಿಗೆ ಮೆತ್ತಗೆ ಹಾಯ್ದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಮಾನಿನ ಮೇಲೆ ಥರ್ಮಾಕೋಲಿನಲ್ಲಿ ಅಂಟಿಸಿದ್ದ ವರನ ಹೆಸರಿನಿಂದ ಒಂದು ಅಕ್ಷರ ಮಾತ್ರ ಉದುರಿತು. ಬೀಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ನಮ್ಮ ಅತ್ತೆ ಕಮಾನು ನೋಡಿ ನಿರ್ಣಯ ಕೊಟ್ಟಳು: "ಲೋಪಸಂಧಿ!"

ಡ್ರೈವರ್ ಬೆವರೊರೆಸಿಕೊಂಡು ಬಂದು ಕೀಲಿಯನ್ನು ಎರಡೂ ಕೈಯಿಂದ ಅತ್ತೆಗೆ ಒಪ್ಪಿಸಿದ. "ಅಕ್ಕಾರ, ಇದು ಗಾಡಿ ಅಲ್ರಿ, ಪರೀಕ್ಷಾ. ನಾ ಸಾಲಿ ಬಿಟ್ಟದ್ದ ಇಂಥಾದಕ್ಕ ಹೆದರಿ."

ಸರಿ ಮಾಡಿಸಬಾರದೇ ಅಂತ ನೀವು ಕೇಳಬಹುದು. ನಾವು ಕೇಳದೆ ಬಿಟ್ಟೆವೇ? ಅಪ್ಪ ಕೇಳಿದ, ಅಮ್ಮ ಕೇಳಿದಳು, ಹಾಲು ಹಾಕುವವನು ಕೂಡ ಕೇಳಿದ. ಅತ್ತೆಯದು ಒಂದೇ ಮಾತು: "ಇರಲಿ ಬಿಡ್ರಿ, ನನಗ ರೂಢಿ ಐತಿ." ಒಮ್ಮೆ ಒತ್ತಾಯಕ್ಕೆ ಒಬ್ಬ ಮಿಸ್ತ್ರಿಯ ಹತ್ತಿರ ಹೋದಳು. ಅವನು ಅತ್ತೆಯ ಪಕ್ಕ ಕೂತು ಒಂದು ಸುತ್ತು ಹೋಗಿಬಂದು, "ನೀವು ಹೊಂದಿಕೊಂಡ ಬಿಟ್ಟೀರಲ್ರಿ ಅಕ್ಕಾರ. ಈಗ ಸರಿ ಮಾಡಿದ್ರ ನಿಮಗ ತ್ರಾಸ ಆಗತೈತಿ" ಅಂದನಂತೆ. ಅಂದನೋ ಇಲ್ಲವೋ ದೇವರಿಗೇ ಗೊತ್ತು. ಅತ್ತೆ ಮಾತ್ರ ಅದನ್ನು ಡಾಕ್ಟರರ ಸರ್ಟಿಫಿಕೇಟಿನಂತೆ ಮನೆಮನೆಗೆ ಹೇಳಿಕೊಂಡು ಬಂದಳು.

ನಗುವುದೆಲ್ಲ ಕೆಲಗೇರಿ ಕೆರೆಯ ದಂಡೆಯಲ್ಲಿ ಮುಗಿಯಿತು.

ಆ ಸಂಜೆ ನಾನೂ ಜೊತೆಗಿದ್ದೆ. ಅತ್ತೆ ಇಳಿಜಾರಿನಲ್ಲಿ, ಕೆರೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿದಳು. ಎಂಜಿನ್ನು ಬಂದ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದಳು. ಹ್ಯಾಂಡ್‌ಬ್ರೇಕಿಗೂ ವಯಸ್ಸಾಗಿತ್ತು, ಅದು ಇದ್ದೂ ಇಲ್ಲದ ಹಾಗೆ. ನಾನು ಚುರುಮುರಿಯ ಗಿರ್ಮಿಟ್ ತರಲು ಮೇಲಿನ ತಳ್ಳುಗಾಡಿಯ ಅಂಗಡಿಗೆ ಹೋದೆ. ಅತ್ತೆ ಇನ್ನೇನು ಇಟ್ಟಿಗೆ ಇಡಬೇಕು, ಆಗ ಒಂದು ಮಿಂಚುಳ್ಳಿ ನೀರಿಗೆ ಧುಮುಕಿ ಮೀನು ಹಿಡಿಯಿತು! ಮಿಂಚುಳ್ಳಿ ಕಂಡರೆ ಅತ್ತೆಗೆ ಇಟ್ಟಿಗೆ ನೆನಪಿರುತ್ತದೆಯೇ? ಬೆತ್ತ ಊರಿಕೊಂಡು ಪಕ್ಕದ ಕಟ್ಟೆಯ ಕಡೆ ನಡೆದುಬಿಟ್ಟಳು.

ನಾನು ಗಿರ್ಮಿಟ್ ಹಿಡಿದು ತಿರುಗಿದಾಗ ಗಾಡಿ ತನ್ನ ಪಾಡಿಗೆ ಕೆರೆಗೆ ಹೊರಟಿತ್ತು. ಸದ್ದಿಲ್ಲ, ಗಡಿಬಿಡಿ ಇಲ್ಲ. ನಾನು ಗಿರ್ಮಿಟ್ ಚೆಲ್ಲಿ ಓಡಿದೆ. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು "ಏಯ್, ಏಯ್!" ಎಂದು ಎಮ್ಮೆಗಳನ್ನು ಅತ್ತಿತ್ತ ಹೊಡೆದ. ಗಾಡಿ ಅವುಗಳ ನಡುವೆ ಹಾದು, ಹಿಂದಿನ ಚಕ್ರ ಎರಡೂ ನೀರಿನಲ್ಲಿಟ್ಟು, ಕೆಸರಿನಲ್ಲಿ ಹೂತು ನಿಂತಿತು. ನಾನು ಏದುಸಿರು ಬಿಡುತ್ತ ನಗತೊಡಗಿದೆ, ಎಮ್ಮೆಯವನೂ ನಕ್ಕ. ತಿರುಗಿ ನೋಡಿದರೆ ಅತ್ತೆ ನಿಂತಲ್ಲೇ ನಿಂತಿದ್ದಳು. ಓಡಲಿಕ್ಕೆ ಅವಳಿಂದ ಎಲ್ಲಿ ಆಗುತ್ತದೆ? ಮುಖ ಬಿಳಚಿಕೊಂಡಿತ್ತು. ನನ್ನ ನಗು ಅಲ್ಲೇ ನಿಂತಿತು.

ಎಮ್ಮೆಯವನು ಮತ್ತು ಅವನ ಗೆಳೆಯರು ಸೇರಿ ಗಾಡಿಯನ್ನು ಮೇಲಕ್ಕೆ ದೂಡಿದರು. ಮನೆಗೆ ಬಂದಾಗ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಅಪ್ಪ ಗೇಟಿನಲ್ಲೇ ನಿಂತಿದ್ದ. ಅಕ್ಕನ ಎದುರು ದನಿ ಎತ್ತಿದವನಲ್ಲ ಅವನು, ಆವತ್ತೂ ಎತ್ತಲಿಲ್ಲ.

"ಅಕ್ಕಾ, ಹಿಂದ ಯಾರದರ ಕೂಸು ಆಡಾಕತ್ತಿದ್ರ?" ಅಂದ, ಅಷ್ಟೇ.

ಯಾವ ಮಾತಿಗೂ ಸಂಧಿ ಬಿಡಿಸುವ ಅತ್ತೆ ಆವತ್ತು ಕೀಲಿಯನ್ನು ತಾನೇ ಅಪ್ಪನ ಅಂಗೈಯಲ್ಲಿಟ್ಟಳು.

ಆ ಕೀಲಿಯ ಜೊತೆ ಏನು ಹೋಯಿತು ಅಂತ ನನಗೆ ಮರುದಿನವೇ ತಿಳಿಯಿತು. ಅತ್ತೆ ಮನೆಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಂತೆಗೆ ಹೋಗುವವರು, ಕಾಲೇಜಿಗೆ ಹೋಗುವವರು, ಎಲ್ಲರೂ ಅವಳ ಮುಂದೆಯೇ ಹಾದುಹೋಗುತ್ತಿದ್ದರು. "ಏನರ ತರೋದೈತೇನ್ರಿ ಟೀಚರ್?" ಎಂದು ಕೇಳುತ್ತಿದ್ದರು. ಅವಳು ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅಪ್ಪ ಗಾಡಿ ಕೊಳ್ಳಲು ಒಬ್ಬ ಗಿರಾಕಿಯನ್ನು ಗೊತ್ತು ಮಾಡಿದ್ದ. ಅವನು ರವಿವಾರ ಸಂಜೆ ಬರುವವನಿದ್ದ. ಗಾಡಿ ಹೋದರೆ ಅತ್ತೆಗೆ ಉಳಿಯುವುದು ಆ ಕಟ್ಟೆ, ಆ ಕುರ್ಚಿ, ಮತ್ತೆ ಯಾರದಾದರೂ ರೆಟ್ಟೆ. ನನಗೆ ತಡೆಯಲಿಲ್ಲ.

"ಅಪ್ಪಾ, ಗಿರಾಕಿ ಬರೋದ್ರಾಗ ಸರಿ ಮಾಡಿದ್ರ?"

"ಯಾರು ಮಾಡೋರು?"

"ನಾನು!" ಅಂದುಬಿಟ್ಟೆ.

ತರಗತಿಯಲ್ಲಿ ಸನ್ನೆಕೋಲಿನ ಪಾಠವನ್ನು ನಾನು ನಿದ್ದೆಗಣ್ಣಲ್ಲೂ ಮಾಡಬಲ್ಲೆ. ನಟ್ಟು ತಿರುವುವ ಪಾನಾ ಹಿಡಿದದ್ದು ಮಾತ್ರ ಹುಟ್ಟಿದಾಗಿನಿಂದ ಇಲ್ಲ! ಆಟೋಮ್ಯಾಟಿಕ್ ಗೊತ್ತಿರುವ ಮಿಸ್ತ್ರಿಗಳಿಗೆಲ್ಲ ಫೋನು ಹಚ್ಚಿದೆ. ಒಬ್ಬ ಊರಲ್ಲಿರಲಿಲ್ಲ, ಇನ್ನೊಬ್ಬ ಇಡೀ ಗೇರ್‌ಬಾಕ್ಸ್ ಇಳಿಸಬೇಕೆಂದ. ಕೊನೆಗೆ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ನೋಡಿದಷ್ಟೂ ಉತ್ಸಾಹ ಉಕ್ಕಿತು. ಗೇರ್‌ಬಾಕ್ಸಿಗೆ ಏನೂ ಆಗಿಲ್ಲ, ಕೇಬಲ್ಲಿನ ತುದಿಯ ನಟ್ಟು ಸಡಿಲ ಮಾಡು, ಒಳಗಿನ ಲಿವರನ್ನೂ ಗೇರ್‌ಬಾಕ್ಸಿನ ತೋಳನ್ನೂ ಒಂದೇ ಅಕ್ಷರಕ್ಕೆ ತಂದು ನಿಲ್ಲಿಸು, ನಟ್ಟು ಬಿಗಿ ಮಾಡು. ಇಷ್ಟೇ! ಅಡುಗೆಮನೆಯ ಡಬ್ಬಿಗೆ ಅದರದೇ ಮುಚ್ಚಳ ಹಾಕುವಷ್ಟೇ ಸರಳ ಅನ್ನಿಸಿತು.

ರವಿವಾರ ನಾಷ್ಟಾ ಮುಗಿಸಿ, ಅಪ್ಪನಿಂದ ಕೀಲಿ ಇಸಿದುಕೊಂಡು, ಅತ್ತೆಯ ಅಂಗಳದಲ್ಲಿ ಶುರುಮಾಡಿದೆವು. ಗಾಡಿ ಸಪಾಟು ಜಾಗದಲ್ಲಿ, ನಾಲ್ಕೂ ಚಕ್ರಕ್ಕೆ ಎರಡೂ ಕಡೆ ಕಲ್ಲು. ಅತ್ತೆ ಒಳಗೆ ಲಿವರಿನ ಮೇಲೆ ಕೈಯಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟು ಕೂತಳು, ಎಂಜಿನ್ನು ಬಂದ್. ನಾನು ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿ ಬಿಚ್ಚಿಟ್ಟು, ಅದರ ಕೆಳಗೆ ಕೈ ತೂರಿಸಿದೆ. ಸಿಕ್ಕಿತು! ಗೇರ್‌ಬಾಕ್ಸಿನ ಪುಟ್ಟ ತೋಳು, ಅದಕ್ಕೆ ತಗುಲಿದ ಕೇಬಲ್ಲು, ಅದರ ನಟ್ಟು. ಚಿನ್ನ ಸಿಕ್ಕಿದ್ದರೂ ಅಷ್ಟು ಕುಣಿಯುತ್ತಿರಲಿಲ್ಲ. ನಟ್ಟು ಸಡಿಲಿಸಿ ತೋಳನ್ನು ಒಂದು ತುದಿಗೆ ಎಳೆದೆ, ಅದು ಪಾರ್ಕಿಂಗ್. ಅಲ್ಲಿಂದ ಟಕ್, ಟಕ್ ಎಂದು ಎರಡು ಸಪ್ಪಳ ಆಗುವವರೆಗೆ ತಳ್ಳಿದರೆ ನ್ಯೂಟ್ರಲ್. ಈಗ ಒಳಗಿನ ಲಿವರೂ ನ್ಯೂಟ್ರಲ್‌ನಲ್ಲಿ ಇರಬೇಕು.

ಬಾನೆಟ್ಟು ಎದ್ದು ನಿಂತಿದ್ದರಿಂದ ನನಗೆ ಅತ್ತೆ ಕಾಣಳು, ಅತ್ತೆಗೆ ನಾನು ಕಾಣೆ. ಕೂಗಿದೆ, "ಅತ್ತೀ, ನಿವಾಂತಕ್ಕ ಹಾಕು!"

"ಹಾಕೀನಿ!"

"ಗಟ್ಟಿ ನಿವಾಂತ ಐತಿ ಹೌದಿಲ್ಲೋ?"

"ಹುಟ್ಟಿದಾಗಿಂದ ಇಷ್ಟು ನಿವಾಂತ ಎಂದೂ ಇದ್ದಿಲ್ಲ!"

ಬಿಗಿ ಮಾಡಿದೆ. ಡಬ್ಬಿ ಕೂರಿಸಿ, ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, "ಈಗ ಪಡಸಾಲಿಗೆ ಹಾಕಿ ಚಾಲೂ ಮಾಡು" ಅಂದೆ. ಚಾಲೂ ಆಗಲಿಲ್ಲ. ರಗಡಕ್ಕೆ ಹಾಕಿದಳು, ಚಾಲೂ ಆಯಿತು. N ಗೆ ತಂದಳು, ಗಾಡಿ ಮುಂದಿನ ಕಲ್ಲಿಗೆ ಒತ್ತಿ ಗುರ್ರೆಂದಿತು! ಮೊದಲು ಹೇಗಿತ್ತೋ ಹಾಗೇ! ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಮತ್ತೆ ಬಿಚ್ಚಿದೆ, ಮತ್ತೆ ಎಳೆದೆ, ಮತ್ತೆ ಕೂಗಿದೆ, ಮತ್ತೆ ಬಿಗಿ ಮಾಡಿದೆ. ಮತ್ತೂ ಹಾಗೇ. ನನ್ನ ಭೌತಶಾಸ್ತ್ರದ ಮೇಲೆ ನನಗೇ ಅನುಮಾನ ಬಂತು. ಊಟದ ಹೊತ್ತು ಮೀರಿತು. ಬಿಸಿಲಿಗೆ ಬಾನೆಟ್ಟು ಕಾದು ಕೈ ಸುಡುತ್ತಿತ್ತು. ಗ್ರೀಸು ಕೂದಲಿಗೂ ಹತ್ತಿತ್ತು.

ಸಿಟ್ಟಿನಿಂದ ಕೂಗಿದೆ, "ನಿವಾಂತ ಐತೇನು?"

"ನಾ ನಿವಾಂತ ಕುಂತೇನಿ, ನೀ ಲಗೂ ಮಾಡು!"

"ಲಗೂ ಯಾಕ ಹಾಕಿದಿ? ನಿವಾಂತಕ್ಕ ಹಾಕಂದ್ನಿ!"

"ಲಗೂ ಹಾಕಿಲ್ಲ ನಾನು! ಲಗೂ ಮಾಡಂತ ನಿನಗಂದ್ನಿ!"

"ನನಗ್ಯಾವ ಗೇರು ಐತಿ?"

"ರಗಡ ಮಾತಾಡ್ತಿ ನೀನು!"

"ರಗಡಕ್ಕ ಹಾಕಿದೇನು ಈಗ?"

ಆ ಓಣಿಯಲ್ಲಿ ಆವತ್ತು ಮಧ್ಯಾಹ್ನದ ನಿದ್ದೆ ಯಾರೂ ಮಾಡಲಿಲ್ಲ. ಕಿಟಕಿಗಳು ಒಂದೊಂದಾಗಿ ತೆರೆದವು. ಈ ಗದ್ದಲಕ್ಕೆ ಅಪ್ಪನೂ ಎದ್ದು ಬಂದ. ಬಂದವನು ಬೇಲಿಯ ಆಚೆಯೇ ನಿಂತು ಸ್ವಲ್ಪ ಹೊತ್ತು ನೋಡಿದ. ಗಾಡಿ ಮಾರಿಸಬೇಕೆಂದು ಪಣ ತೊಟ್ಟವನು ಅವನೇ. ಆದರೆ ಬ್ಯಾಂಕಿನಲ್ಲಿ ದುಡಿದ ಜೀವ, ತಪ್ಪು ಎಲ್ಲಿದೆ ಅಂತ ಹುಡುಕದೆ ಹೋಗಲು ಅದಕ್ಕೆ ಬರುವುದಿಲ್ಲ. ಗೇಟು ತೆರೆದು ಬಂದು ಅತ್ತೆಯ ಕಿಟಕಿಯಲ್ಲಿ ಬಗ್ಗಿದ.

"ಅಕ್ಕಾ, ಆಕಿ ಏನ ಕೇಳಾಕತ್ತಾಳ?"

"ನಿವಾಂತಕ್ಕ ಹಾಕಂತಾಳ. ಹಾಕೀನಿ ನೋಡು."

"ಅದು R ಐತಿ."

"R ಅಲ್ಲೋ, ನಿವಾಂತ ಅದು."

"ಅಕ್ಕಾ, ಅಲ್ಲಿ ಏನ ಬರದಾರ ಅದನ್ನ ಓದು."

ಜೀವಮಾನವಿಡೀ ಮಕ್ಕಳಿಗೆ 'ತಿಳಿದದ್ದು ಹೇಳಬ್ಯಾಡ, ಬರದದ್ದು ಓದು' ಎಂದು ಬೆತ್ತ ತೋರಿಸಿದವಳು ನಮ್ಮ ಅತ್ತೆ! ಬಾನೆಟ್ಟಿನ ಈ ಕಡೆ ನಾನು ಕಿವಿಗೊಟ್ಟು ನಿಂತೆ. ಆ ಕಡೆಯಿಂದ ಒಂದು ಸಣ್ಣ ದನಿ ಬಂತು, "ಆರ್."

ನನ್ನ ಕೈಯಿಂದ ಪಾನಾ ಜಾರಿ ಎಂಜಿನ್ನಿನ ಸಂದಿಯಲ್ಲಿ ಬಿತ್ತು. ವರ್ಷದಿಂದ ಅತ್ತೆಯ ನಿವಾಂತ R ಮನೆಯಲ್ಲಿ ಬಿಡಾರ ಹೂಡಿತ್ತಲ್ಲ! ಬಾಯಿ ಪಾಠ ಹೇಳುವಾಗ ಅಕ್ಷರದ ಹೆಸರನ್ನೇ ಹೇಳಿದರೂ, ಗಾಡಿ ನಿವಾಂತ ನಿಲ್ಲಬೇಕು ಅಂದಾಗಲೆಲ್ಲ ಅವಳ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ನಾನು ಬೆಳಗಿನಿಂದ ಬೆವರು ಸುರಿಸಿ, ತಪ್ಪನ್ನೇ ಮತ್ತೆ ಮತ್ತೆ ಬಿಚ್ಚಿ, ಅದೇ ತಪ್ಪಿನ ಜಾಗದಲ್ಲಿ ಅದನ್ನು ಗಟ್ಟಿಯಾಗಿ ಬಿಗಿದು ಕೂರಿಸುತ್ತಿದ್ದೆ! ಮೊದಲು ನಾನು ನಕ್ಕೆ, ಆಮೇಲೆ ಅತ್ತೆ ನಕ್ಕಳು, ಕಿಟಕಿಗಳಲ್ಲಿದ್ದವರೂ ನಕ್ಕರು. ಅಪ್ಪ ನಗಲಿಲ್ಲ. ಅಂಗಿಯ ತೋಳು ಮಡಚಿದ.

"ಈಗ ಏನ ಮಾಡಬೇಕು ಹೇಳು" ಎಂದು ನನ್ನನ್ನು ಕೇಳಿದ.

"ಲಿವರ್ N ಗೆ ಬರಬೇಕು. ನಾ ಬಿಗಿ ಮಾಡೂತನಕ ಅಲ್ಲಾಡಬಾರದು."

ಅಪ್ಪ ಕಿಟಕಿಯಿಂದ ಕೈ ಚಾಚಿ ಅತ್ತೆಯ ಕೈಯ ಮೇಲೆ ತನ್ನ ಕೈಯಿಟ್ಟು ಲಿವರನ್ನು ಒಂದು ಮನೆ ಕೆಳಗೆ ತಂದ. "ಎನ್ ಐತಿ. ಬರದದ್ದು ಓದೇ ಹೇಳಾಕತ್ತೇನಿ" ಎಂದು ಕೂಗಿದ. ನಾನು ಸಂದಿಯಿಂದ ಪಾನಾ ಹೆಕ್ಕಿಕೊಂಡು ತೋಳು ಹಿಡಿದೆ, ಕೇಬಲ್ಲು ಸರಿಯಿತು, ನಟ್ಟು ಬಿಗಿಯಿತು.

ಪಡಸಾಲಿಗೆ ಹಾಕಿ ಕೀಲಿ ತಿರುವಿದಳು. ಚಾಲೂ ಆಯಿತು! ಓಣಿಯವರು ಚಪ್ಪಾಳೆ ತಟ್ಟಿದರು. ಇನ್ನು ಉಳಿದದ್ದು ಇಳಿಜಾರು. ಗೇಟಿನ ಹೊರಗೆ ರಸ್ತೆ ಹಿಂದಕ್ಕೆ ಇಳಿಯುತ್ತದೆ. ಅಲ್ಲಿ ಇಟ್ಟಿಗೆ ಇಲ್ಲದೆ ನಿಲ್ಲಬೇಕು. ಅತ್ತೆ ಗಾಡಿಯನ್ನು ಅಲ್ಲಿಗೆ ತಂದು, ಪಡಸಾಲಿಗೆ ಹಾಕಿ, ಎಂಜಿನ್ನು ಬಂದ್ ಮಾಡಿದಳು. ಹ್ಯಾಂಡ್‌ಬ್ರೇಕ್ ಬಿಟ್ಟಳು. ಕಾಲಬ್ರೇಕ್ ಮಾತ್ರ ಒತ್ತಿಹಿಡಿದಿದ್ದಳು.

"ಬಿಡು ಅತ್ತೀ."

ಅವಳು ಬಿಡಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದಳು, ಕತ್ತು ತಿರುಗಿಸಿ ಮತ್ತೆ ನೋಡಿದಳು. "ಹಿಂದ ಯಾರೂ ಇಲ್ಲ ಹೌದಿಲ್ಲೋ? ಖರೇ ನೋಡಿ ಹೇಳ್ರಿ" ಅಂದಳು. ನಾನು ಹೋಗಿ ನೋಡಿ ಬಂದೆ, ಅಪ್ಪನೂ ಹೋಗಿ ನೋಡಿ ಬಂದ. ಆಮೇಲೆ ಕಾಲು ತೆಗೆದಳು. ಗಾಡಿ ಟಕ್ ಅಂದಿತು, ಬೆರಳಗಲ ಹಿಂದೆ ಸರಿದು ಅಲ್ಲೇ ನಿಂತಿತು. ನಾನು ಬಾನೆಟ್ಟಿಗೆ ಕೈಕೊಟ್ಟು ದೂಡಿದೆ, ಜಗ್ಗಲಿಲ್ಲ. ಅಪ್ಪನೂ ಕೈಹಚ್ಚಿ ದೂಡಿದ. ಕಂಬ ನೆಟ್ಟ ಹಾಗೆ ನಿಂತಿತ್ತು! ನಾನು ಕುಣಿದೆ. ಅತ್ತೆ ಈಗ ಏನು ಹೇಳುತ್ತಾಳೆ, ಯಾವ ಸಂಧಿ ಆಯಿತು ಅನ್ನುತ್ತಾಳೆ ಎಂದು ಕಿಟಕಿಯ ಹತ್ತಿರ ಓಡಿದೆ.

ಅತ್ತೆ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದಳು. ಕಣ್ಣು ತುಂಬಿತ್ತು.

"ಯಾಕ ಅತ್ತೀ? ಸರಿ ಆತಲ್ಲ!"

"ಅದಕ್ಕ ನೋಡು" ಅಂದಳು. ತನ್ನ ಎಡಗಾಲ ಮೇಲೆ ಕೈಯಿಟ್ಟಳು. "ಐದು ವರ್ಷದಾಕಿ ಇದ್ದಾಗಿಂದ ಈ ಕಾಲಿಗೆ ನಡಿ ಅಂತ ಹೇಳಾಕತ್ತೇನಿ. ನಾ ಹೇಳೂದು ಒಂದು, ಅದು ಮಾಡೂದು ಒಂದು. ಗಾಡೀನೂ ಹಂಗ ಮಾಡಿದಾಗ ನನಗ ಸಿಟ್ಟ ಬರಲಿಲ್ಲವ್ವಾ. ಮಾತು ಕೇಳಲಾರದ್ದರ ಕೂಡ ಬಾಳೇವು ಮಾಡೂದಷ್ಟ ನನಗ ಗೊತ್ತಿತ್ತು. ಅದನ್ನ ಸರಿ ಮಾಡಬಹುದು ಅಂತ ಮನಸಿಗೆ ಬರಲೇ ಇಲ್ಲ ನೋಡು."

ನಾನು ಅವಳನ್ನು ವರ್ಷವಿಡೀ ಹಟಮಾರಿ ಅಂದುಕೊಂಡಿದ್ದೆ. ಅಪ್ಪನ ಜೇಬಿನಲ್ಲಿ ಫೋನು ಬಡಿಯಿತು. ಗಿರಾಕಿ. ಅಪ್ಪ ಆ ಕಡೆ ತಿರುಗಿ, "ಬರಬ್ಯಾಡ್ರಿ. ನಮ್ಮ ಅಕ್ಕಗ ಬೇಕಾಗೇತಿ ಗಾಡಿ" ಎಂದಷ್ಟೇ ಹೇಳಿ ಇಟ್ಟ. ಆಮೇಲೆ ಗಾಡಿಯನ್ನು ಸುತ್ತಿಕೊಂಡು ಹೋಗಿ, ಎಡಬಾಗಿಲು ತೆರೆದು ಒಳಗೆ ಕೂತ. ಆ ಗಾಡಿ ಬಂದಾಗಿನಿಂದ ಅವನು ಅದರಲ್ಲಿ ಕಾಲಿಟ್ಟವನಲ್ಲ.

"ನಡಿ ಅಕ್ಕಾ" ಅಂದ.

"ಎಲ್ಲಿಗೋ?"

"ನೀ ಎಲ್ಲಿಗೆ ಕರಕೊಂಡು ಹೋಗ್ತೀಯೋ ಅಲ್ಲಿಗೆ."

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಚಾಲೂ ಮಾಡಿ, ಲಿವರಿನ ಪಕ್ಕದ ಅಕ್ಷರಗಳನ್ನು ಬಗ್ಗಿ ಒಂದೊಂದಾಗಿ ಓದಿ, D ಗೆ ತಂದಳು. ಗಾಡಿ ಮುಂದಕ್ಕೆ ಹೋಯಿತು. ನನ್ನನ್ನು ಕರೆಯಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ, ನನಗೂ ಹತ್ತಬೇಕೆನ್ನಿಸಲಿಲ್ಲ. ಗ್ರೀಸಿನ ಕೈಯಿಂದಲೇ ಕಣ್ಣೊರೆಸಿಕೊಂಡು, ಅಕ್ಕ ತಮ್ಮ ಇಬ್ಬರೂ ತಿರುವು ದಾಟುವವರೆಗೆ ರಸ್ತೆಯಲ್ಲೇ ನಿಂತಿದ್ದೆ.